ಗಾಜಿನೊಳಗಿನ ತವರದ ಪಾತ್ರೆ

ಡಿಂಪ್ನಾ ರಾಸಿಟರಳಿಗೆ ಸಿಟ್ಟು ಬಂದರೆ ಆಕೆ ಬಣ್ಣದ ಡಬ್ಬಿ ತೆರೆಯುತ್ತಾಳೆಂಬುದನ್ನು ವೆಕ್ಸ್‌ಫರ್ಡ್ ಸೀಮೆಯ ಕಿಲ್‌ಡ್ರೀನಾ ಊರಿನಲ್ಲಿ ಅರಿಯದವರಿರಲಿಲ್ಲ. ಆ ವರ್ಷದ ವಸಂತದಲ್ಲಿ ಆಕೆ ಹಟ್ಟಿಯ ಬಾಗಿಲಿಗೆ ಕೆಂಪು, ಗೇಟಿಗೆ ಬಿಳಿ, ಕೋಳಿಗೂಡಿಗೆ ಹಸಿರು, ಕೂಡುರಸ್ತೆಯಲ್ಲಿ ತಾನು ಸ್ಟ್ರಾಬೆರಿಯನ್ನೂ ಹೊಸ ಆಲೂಗಡ್ಡೆಯನ್ನೂ ಮಾರುತ್ತಿದ್ದ ಗೂಡಂಗಡಿಗೆ ನೀಲಿ, ಹೀಗೆ ಕಣ್ಣಿಗೆ ಬಿದ್ದುದಕ್ಕೆಲ್ಲ ಬಳಿದು ಮುಗಿಸಿ, ಇನ್ನೇನೂ ಉಳಿಯದೆ ಬಾವಿಯ ಕಟ್ಟೆಯತ್ತ ನೋಡುತ್ತಿದ್ದಾಗ, ಗಂಡ ಲ್ಯಾರಿ ಎರಡು ಹೆಜ್ಜೆ ದೂರ ಸರಿದು ನಿಂತನು.

"ಇಲ್ಲೇ ನಿಂತ್ರೆ ನನಗೂ ಒಂದು ಕೈ ಬಳೀತೀಯ ನೀನು," ಎಂದನು.

ಡಿಂಪ್ನಾ ನಗಲಿಲ್ಲ. ಮನೆಗೆ ಬಣ್ಣ ಬೇಕಾಗಿದ್ದುದೇನೋ ನಿಜವೇ. ಶರತ್ಕಾಲದಲ್ಲಿ ಆ ಮನೆಗೆ ಸರದಿಪೂಜೆ ಬರುವುದಿತ್ತು. ಇಗರ್ಜಿಗಳಿಗೆ ಬೀಗ ಬಿದ್ದಿದ್ದ ಕಷ್ಟಕಾಲದಲ್ಲಿ ಗುರುಗಳು ಗುಟ್ಟಾಗಿ ಮನೆಮನೆಗೆ ಬಂದು ಬಲಿಪೂಜೆ ಅರ್ಪಿಸುತ್ತಿದ್ದರಷ್ಟೆ. ಬೀಗ ತೆಗೆದು ತಲೆಮಾರುಗಳು ಕಳೆದರೂ ಆ ಪದ್ಧತಿಯನ್ನು ಊರು ಬಿಟ್ಟಿರಲಿಲ್ಲ. ವರ್ಷಕ್ಕೊಂದು ಮನೆಯಂತೆ ಸರದಿ ಸುತ್ತುತ್ತ ಬರುತ್ತಿತ್ತು. ಸರದಿ ಬಂದ ಮನೆಯವರು ಗೋಡೆಗೆ ಸುಣ್ಣ ಬಳಿದು, ನೆರೆಮನೆಗಳಿಂದ ಒಳ್ಳೆಯ ಪಿಂಗಾಣಿಯನ್ನು ಎರವಲು ತಂದು, ಅಡುಗೆಮನೆಯ ಮೇಜಿಗೆ ಬಿಳಿಯ ನಾರುಬಟ್ಟೆ ಹಾಸಿ ಬಲಿಪೀಠ ಮಾಡಿ, ಸುತ್ತಲಿನ ಜನವನ್ನೆಲ್ಲ ಕರೆದು ಪೂಜೆಯಾದ ಮೇಲೆ ಉಪಾಹಾರ ಬಡಿಸುತ್ತಿದ್ದರು. ರಾಸಿಟರ್ ಮನೆಯ ಸರದಿಗೆ ಮಾತ್ರ ಉಳಿದ ಮನೆಗಳಿಗಿಲ್ಲದ ಒಂದು ಹಿರಿಮೆ ಇತ್ತು. ಅದುವೇ ತವರದ ಪಾತ್ರೆ.

ತೊಂಬತ್ತೆಂಟರಲ್ಲಿ, ಎಂದರೆ ಇನ್ನೂರು ವರ್ಷಕ್ಕೂ ಹಿಂದಿನ ಆ ಬೇಸಿಗೆಯಲ್ಲಿ, ವೆಕ್ಸ್‌ಫರ್ಡಿನ ರೈತರು ಭರ್ಜಿ ಹಿಡಿದು ದೊರೆಯ ಸೈನ್ಯದ ಮೇಲೆ ಎದ್ದಾಗ, ಬೆಟ್ಟದ ಪಾಳೆಯದಲ್ಲಿ ಒಬ್ಬ ಗುರು ಬೇರೆ ಪಾತ್ರೆಯಿಲ್ಲದೆ ಆ ತವರದ ಬಟ್ಟಲಿನಲ್ಲೇ ಬಲಿಪೂಜೆ ಮಾಡಿದನೆಂದು ಮನೆಯವರ ಮಾತು. ಮರುದಿನ ಆ ಗುರು ಸತ್ತ. ಅವನೊಡನಿದ್ದ ರಾಸಿಟರ್ ಒಬ್ಬ ಅದನ್ನು ಅಂಗಿಯೊಳಗಿಟ್ಟುಕೊಂಡು ಓಡಿಬಂದು, ಮಾಡಿನ ಹುಲ್ಲಿನೊಳಗೆ ಸಿಕ್ಕಿಸಿಟ್ಟ. ಸೈನಿಕರು ಹಟ್ಟಿಗೆ ಬೆಂಕಿಯಿಟ್ಟರು. ಮನೆಗೆ ಇಡುವಷ್ಟರಲ್ಲಿ ಮಳೆ ಬಂದಿತು. ಅಂದಿನಿಂದ ರಾಸಿಟರರ ಮನೆಗೆ ಸರದಿ ಬಂದಾಗಲೆಲ್ಲ ಗುರುಗಳು ಪೂಜೆಯ ನಡುವೆ ದ್ರಾಕ್ಷಾರಸ ಹೊಯ್ದು, ಗಂಟೆಯ ಸದ್ದಿಗೆ ಎತ್ತಿ ಹಿಡಿಯುವುದು ಆ ಪಾತ್ರೆಯನ್ನೇ. ಡಿಂಪ್ನಾ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ್ದು ಇದು. ತನ್ನ ಹೆಸರನ್ನು ನಂಬಿದಷ್ಟೇ ಸಹಜವಾಗಿ ಇದನ್ನೂ ನಂಬಿದ್ದಳು.

ಈಗ ಆ ಪಾತ್ರೆ ಮನೆಯಲ್ಲಿರಲಿಲ್ಲ. ದಂಗೆಯ ಇನ್ನೂರನೆಯ ವರ್ಷದಲ್ಲಿ ಊರ ಹಳೆಯ ಶಾಲೆಯನ್ನು ವಸ್ತುಸಂಗ್ರಹಾಲಯ ಮಾಡಿದಾಗ, ಶಾಲೆಯ ಸಿನಟ್ ಮೇಷ್ಟ್ರು ಮನೆಮನೆ ತಿರುಗಿ ವಸ್ತು ಕೂಡಿಸಿದ್ದರು. ಯಾರದೋ ಬಾವಿಯಲ್ಲಿ ಸಿಕ್ಕಿದ ಭರ್ಜಿಯ ಮೊನೆಗಳು, ಗುಂಡು ತೂರಿಹೋದ ಒಂದು ನಗಾರಿ, ಬಾಗಿಲು ಬಡಿಯದಂತೆ ಇಡುತ್ತಿದ್ದ ಫಿರಂಗಿಗುಂಡು, ಬೆಟ್ಟದ ಇಳಿಜಾರಿನಲ್ಲಿ ಉಳುವಾಗ ಸಿಕ್ಕಿದ ಹೆಂಗಸೊಬ್ಬಳ ಒಂಟಿ ಜೋಡು. ಡಿಂಪ್ನಾಳ ತಂದೆ ಮೋಗ್ ರಾಸಿಟರ್ ಪಾತ್ರೆಯನ್ನು ಕೊಟ್ಟನು. ಆದರೆ ದಾನವಾಗಿ ಅಲ್ಲ. ನಮ್ಮ ಮನೆಗೆ ಸರದಿ ಬಂದ ದಿನ ಪಾತ್ರೆಯೂ ಮನೆಗೆ ಬರತಕ್ಕದ್ದು ಎಂಬುದು ಅವನ ಕರಾರು. ದನದ ಸಂತೆಯಲ್ಲಿ ಮಾಡುವಂತೆ ಅಂಗೈಗೆ ಉಗುಳಿಕೊಂಡು ಇಬ್ಬರೂ ಕೈ ಬಡಿದರು. ಅಂಥ ಕರಾರಿಗೆ ಕಾಗದ ಕೇಳುವುದೆಂದರೆ ಎದುರಿನವನನ್ನು ಕಳ್ಳನೆಂದಂತೆ. ಮರುವರ್ಷವೇ ಸರದಿ ಬಂದಿತು; ಮೇಷ್ಟ್ರು ಪಾತ್ರೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದರು, ಉಪಾಹಾರ ಮುಗಿಸಿ ಹಾಗೆಯೇ ಹಿಂದಕ್ಕೆ ಒಯ್ದರು. ಮುಂದಿನ ಸುತ್ತು ಬರುವ ಹೊತ್ತಿಗೆ ಮೋಗ್ ತೀರಿಕೊಂಡಿದ್ದ. ಸೂತಕದ ಮನೆ ಸರದಿಯನ್ನು ಪಕ್ಕದವರಿಗೆ ಬಿಟ್ಟುಕೊಟ್ಟಿತು. ಆಮೇಲೆ ಮೇಷ್ಟ್ರೂ ಹೋದರು. ಈಗ ಮತ್ತೆ ಸರದಿ ಬಂದಿತ್ತು. ಜೊತೆಗೆ ಇಗರ್ಜಿಯ ವೃದ್ಧ ಗುರು ಫಾದರ್ ಕಿನ್ಸೆಲಾ ಒಂದು ಭಾನುವಾರ ಪೀಠದಿಂದಲೇ, ತಮ್ಮ ನಂತರ ಈ ಊರಿಗೆ ಗುರುಗಳಿಲ್ಲವೆಂದೂ ಮುಂದಿನ ವರ್ಷದಿಂದ ಮನೆಗಳ ಪೂಜೆ ನಿಲ್ಲುವುದೆಂದೂ ಸಾರಿಬಿಟ್ಟಿದ್ದರು. ಅಲ್ಲಿಗೆ ರಾಸಿಟರರ ಸರದಿಯೇ ಕೊನೆಯದು. ಪಾತ್ರೆ ಮೇಜಿಗೆ ಬಂದರೆ ಈ ಒಂದು ಸಲ, ಇಲ್ಲದಿದ್ದರೆ ಎಂದಿಗೂ ಇಲ್ಲ.

ಸಂಗ್ರಹಾಲಯದ ಹೊಸ ಮೇಲ್ವಿಚಾರಕಿ ಓರ್ಲಾ ಹೆಷನ್ ಮೇಯೋ ಸೀಮೆಯವಳು, ಮೆಲುಮಾತಿನವಳು. ಡಿಂಪ್ನಾಳ ಮಾತನ್ನು ಕೊನೆಯವರೆಗೂ ತಲೆಯಾಡಿಸುತ್ತ ಕೇಳಿ, "ನಿಮ್ಮ ಸಂಕಟ ನನಗೆ ಪೂರ್ತಿ ಅರ್ಥ ಆಗತ್ತೆ," ಎಂದಳು. ಆ ವಾಕ್ಯವನ್ನು ಆಕೆ ಮುಂದಿನ ತಿಂಗಳುಗಳಲ್ಲಿ ಎಷ್ಟು ಸಲ ಹೇಳಿದಳೆಂದರೆ, ಅದು ಕಿವಿಗೆ ಬಿದ್ದೊಡನೆ ಡಿಂಪ್ನಾಳಿಗೆ ಹಲ್ಲು ಕಡಿಯುವಂತಾಗುತ್ತಿತ್ತು. ಪಾತ್ರೆಯನ್ನು ಹೊರಗೆ ಕೊಡುವುದು ತನ್ನ ಕೈಯಲ್ಲಿಲ್ಲ, ಸಮಿತಿ ತೀರ್ಮಾನಿಸಬೇಕು ಎಂದಳು. ಸಮಿತಿಯ ಅಧ್ಯಕ್ಷರು ಮಂಡಿನೋವಿಗೆ ಬಿಸಿಲು ಹುಡುಕಿಕೊಂಡು ಸ್ಪೇನಿನ ದ್ವೀಪಕ್ಕೆ ಹೋಗಿದ್ದರು. ಅಧ್ಯಕ್ಷರು ಮರಳಿದಾಗ ಕಾರ್ಯದರ್ಶಿ ಮಗಳ ಬಾಣಂತನಕ್ಕೆ ಹೋಗಿದ್ದಳು. ಇಬ್ಬರೂ ಊರಿನಲ್ಲಿದ್ದ ವಾರ ಶಾಲೆಯ ಮಾಡು ಸೋರಿ, ಸಭೆ ಸೋರಿಕೆಯ ವಿಷಯದಲ್ಲೇ ಮುಗಿಯಿತು. ಡಿಂಪ್ನಾ ಗೂಡಂಗಡಿಯಲ್ಲಿ ಕುಳಿತು, ಕಾರುಗಳು ನಿಲ್ಲದ ಹೊತ್ತು ನೋಡಿ ಫೋನು ಮಾಡುವಳು. ಆ ಕಡೆ ಯಾರಾದರೂ ಎತ್ತಿದರೆ ಸರಿಯಾಗಿ ಆಗಲೇ ಯಾರೋ ಕಾರು ನಿಲ್ಲಿಸಿ, ಹಣ್ಣು ಸಿಹಿಯಾಗಿದೆಯೇ ಎಂದು ಕೇಳುವರು. ಒಮ್ಮೆ ಆಕೆ ಡಬ್ಲಿನ್ ಕಡೆಯವರೊಬ್ಬರಿಗೆ, ಸಿಹಿಯಿಲ್ಲ, ಹುಳಿ, ಮುಂದಿನ ಅಂಗಡಿಗೆ ಹೋಗಿ ಎಂದೇ ಹೇಳಿಬಿಟ್ಟಳು.

ಕೊನೆಗೂ ಸಮಿತಿ ಸೇರಿತು. ಕರಾರಿಗೆ ಸಾಕ್ಷಿ ಯಾರೆಂದು ಕೇಳಿದರು. ಸಾಕ್ಷಿಗಳು ಇಬ್ಬರೇ. ಅಂದು ಚಹಾ ಹೊಯ್ಯುತ್ತಿದ್ದ ಡಿಂಪ್ನಾ ಒಬ್ಬಳು. ಚಹಾ ಕುಡಿಯುತ್ತಿದ್ದ ನೆರೆಯ ಪೆಡರ್ ಫರ್ಲಾಂಗ್ ಇನ್ನೊಬ್ಬ. ಪೆಡರ್ ವಯಸ್ಸಾದವನು, ತೊಂಬತ್ತೆಂಟರ ವಿಷಯವನ್ನು ತಾನೇ ಭರ್ಜಿ ಹಿಡಿದಿದ್ದವನಂತೆ ಹೇಳುವವನು. ಒಂದೇ ಮಾತು ಹೇಳಿ ಕುಳಿತುಕೋ ಎಂದು ಡಿಂಪ್ನಾ ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. ಪೆಡರ್ ಎದ್ದು ನಿಂತು, ಕೆಮ್ಮಿ, ಮೇಯೋದ ಓರ್ಲಾಳತ್ತ ತಿರುಗಿ, "ತೊಂಬತ್ತೆಂಟರಲ್ಲಿ ಫ್ರೆಂಚರು ಹಡಗಲ್ಲಿ ಬಂದು ಎಬ್ಬಿಸಿದ ಮೇಲೆ ಎದ್ದವರು ನಿಮ್ಮವರು. ನಾವು ನಾವಾಗೇ ಎದ್ವಿ," ಎಂದು ಆರಂಭಿಸಿದನು. ಅಲ್ಲಿಂದ ಮೊದಲ ಇಗರ್ಜಿಗೆ ಬೆಂಕಿ ಬಿದ್ದುದು, ಸೇತುವೆಯ ಕಾಳಗ, ಬೆಟ್ಟದ ಸೋಲು ಎಲ್ಲವನ್ನೂ ಒಂದೊಂದಾಗಿ ನಡೆಸಿಕೊಂಡು ಬಂದನು. ಅಧ್ಯಕ್ಷರು ನಡುವೆ ಬಾಯಿಹಾಕಿ ಕರಾರಿನ ವಿಷಯ ಕೇಳಿದಾಗ, ಅವನು ಘನವಾಗಿ ತಲೆದೂಗಿ, ಮೋಗ್ ಮತ್ತು ಮೇಷ್ಟ್ರು ಕೈ ಬಡಿದುದನ್ನು ತಾನು ಕಣ್ಣಾರೆ ಕಂಡೆನೆಂದೂ, ಆದರೆ ಅದು ಪಾತ್ರೆಗಲ್ಲ, ಒಂದು ಕಂದುಬಣ್ಣದ ಕಡಸಿಗೆ ಎಂದೂ ಸಾಕ್ಷಿ ನುಡಿದನು.

ಮನೆಗೆ ಬರುವಾಗ ಡಿಂಪ್ನಾ ಕಾರನ್ನು ಬೇಕೆಂದೇ ಹೊಂಡಗಳ ಮೇಲೆ ಓಡಿಸಿದಳು. ಪೆಡರ್ ಮಾತ್ರ ಸಮಾಧಾನದಿಂದ, "ಒಳ್ಳೇ ಕಡಸು ಅದು," ಎಂದನು.

ಆಕೆಯ ಪಾಲಿಗೆ ಆ ಬೇಸಿಗೆ ಹೀಗೆ ಗೋಡೆಗೆ ಹಣೆ ಚಚ್ಚಿಕೊಂಡಂತೆ ಸವೆಯಿತು. ಸಮಿತಿ ಇಲ್ಲವೆನ್ನಲಿಲ್ಲ, ಹೌದೆನ್ನಲೂ ಇಲ್ಲ. ತಜ್ಞರ ಅಭಿಪ್ರಾಯ ಬೇಕೆಂದಿತು. ತಜ್ಞನೊಬ್ಬ ಬಂದು, ಪಾತ್ರೆಯ ತವರದಲ್ಲಿ ಸೀಸ ಬೆರೆತಿದೆ, ಅದರಲ್ಲಿ ದ್ರಾಕ್ಷಾರಸ ಹೊಯ್ದರೆ ಕುಡಿದವರಿಗೂ ಕೇಡು, ಪಾತ್ರೆಗೂ ಕೇಡು ಎಂದು ಹೇಳಿಹೋದನು. ಇನ್ನೂರು ವರ್ಷ ಅದರಲ್ಲೇ ಕುಡಿದ ಗುರುಗಳೆಲ್ಲ ಎಂಬತ್ತು ದಾಟಿ ಬದುಕಿದರೆಂದು ಡಿಂಪ್ನಾ ಹೇಳಿದಳು. ಬೆಟ್ಟದ ಗುರುವೊಬ್ಬ ಮರುದಿನವೇ ಸತ್ತನಲ್ಲ ಎಂದು ಯಾರೋ ಹೇಳಿದರು, ಸಮಿತಿ ನಕ್ಕಿತು. ಆಕೆ ಎದ್ದು ಹೊರಗೆ ಬಂದಳು. ಮರುದಿನ ಬಾವಿಯ ಕಟ್ಟೆಯೂ ಹಳದಿಯಾಯಿತು.

ಪೂಜೆಗೆ ಕೆಲವೇ ದಿನಗಳಿರುವಾಗ ಫಾದರ್ ಕಿನ್ಸೆಲಾ ಮನೆಯನ್ನು ನೋಡಿಹೋಗಲು ಬಂದರು. ಮೇಜನ್ನು ಎತ್ತರಿಸಲು ಲ್ಯಾರಿ ತಂದಿದ್ದ ಎರಡು ಮರದ ಪೆಟ್ಟಿಗೆಗಳನ್ನು ಕೋಲಿನಿಂದ ತಟ್ಟಿ ನೋಡಿ, ಗಟ್ಟಿಯಾಗಿವೆ ಎಂದು ಒಪ್ಪಿ ಕುಳಿತರು. ಡಿಂಪ್ನಾ ತನ್ನ ಗೋಳನ್ನೆಲ್ಲ ತೋಡಿಕೊಂಡು, ಗುರುಗಳೇ ಒಂದು ಮಾತು ಹೇಳಿದರೆ ಸಮಿತಿ ಕೇಳುವುದೆಂದು ಬೇಡಿದಳು. ಅವರು ಚಹಾದ ಬಟ್ಟಲನ್ನು ಕೆಳಗಿಟ್ಟರು.

"ಅಲ್ಲಮ್ಮಾ, ಅದರಲ್ಲಿ ನಾನು ದ್ರಾಕ್ಷಾರಸ ಹೊಯ್ಯೋ ಹಾಗೇ ಇಲ್ಲ. ಪೂಜೆಗೆ ಬೆಳ್ಳಿ ಬಂಗಾರದ ಪಾತ್ರೆನೇ ಆಗ್ಬೇಕು ಅಂತ ನೇಮ."

ಮತ್ತೆ ಇಷ್ಟು ಕಾಲ ಹೊಯ್ದಿರಲ್ಲ ಎಂದಳು ಡಿಂಪ್ನಾ.

"ಎಲ್ಲಿ ಹೊಯ್ದೆ? ನಾನು ಎತ್ತಿದ್ದು ನನ್ನ ಪಾತ್ರೆನೇ. ನನಗಿಂತ ಮುಂಚೆ ಇದ್ದವರೂ ಅಷ್ಟೇ. ಅವರೇ ನನಗೆ ಹೇಳಿಹೋಗಿದ್ದು, ರಾಸಿಟರ್ ಪಾತ್ರೆ ಮೇಜಿನ ಮೇಲಿರಲಿ, ಅದಕ್ಕೇನೂ ಹೊಯ್ಬೇಡ ಅಂತ. ನಾನು ಅದರಲ್ಲಿ ಬೆರಳು ತೊಳೆದ ನೀರು ಬಿಡ್ತಿದ್ದೆ."

"ನಾವೆಲ್ಲ ಇದ್ವಲ್ಲ ಫಾದರ್. ಇಡೀ ಊರೇ ಇತ್ತಲ್ಲ."

"ಇದ್ರಿ. ಗಂಟೆ ಬಾರಿಸಿದ ತಕ್ಷಣ ಎಲ್ಲರ ತಲೆನೂ ಕೆಳಗೆ. ಎತ್ತೋದೇ ಜನ ನೋಡ್ಲಿ ಅಂತ ಕಣಮ್ಮಾ. ಈ ಸೀಮೇಲಿ ಒಬ್ಬರಾದ್ರೂ ನೋಡಿದ್ದು ನಾನು ಕಂಡಿಲ್ಲ."

ಅದು ಸತ್ಯವಾಗಿತ್ತು. ಗಂಟೆಯ ಸದ್ದಿಗೆ ತಾಯಿಯ ಅಂಗೈ ಕತ್ತಿನ ಹಿಂದೆ ಬಂದು ಕೂರುತ್ತಿದ್ದುದು ಡಿಂಪ್ನಾಳಿಗೆ ನೆನಪಾಯಿತು. ಆ ಗಳಿಗೆಯಲ್ಲಿ ಕಣ್ಣೆತ್ತುವುದು ದೇವರ ಮುಖಕ್ಕೆ ಮುಖ ಕೊಟ್ಟಂತೆ ಎಂದು ಆಕೆಗೆ ಕಲಿಸಿದ್ದರು; ಆಕೆಯ ತಾಯಿಗೂ ಅದನ್ನೇ ಕಲಿಸಿದ್ದರು. ಹೀಗೆ ತಲೆಮಾರಿನ ಮೇಲೆ ತಲೆಮಾರು ಅಡುಗೆಮನೆಯ ನೆಲಹಾಸನ್ನು ನೋಡುತ್ತ, ಮೇಲೆ ತಮ್ಮ ಪಾತ್ರೆ ಏರುತ್ತಿದೆಯೆಂದು ನಂಬಿತ್ತು. ಬೆಟ್ಟದ ಮೇಲೆ ಬೇರೆ ಪಾತ್ರೆ ಇರಲಿಲ್ಲವಾದ್ದರಿಂದ ಅಂದು ಅದನ್ನೇ ಎತ್ತಿರಬೇಕು ಎಂದು ಗುರುಗಳು ಸಮಾಧಾನ ಹೇಳಿದರು. ಆಕೆಗೆ ಅದು ಕೇಳಿಸಿದಂತೆ ತೋರಲಿಲ್ಲ. ಪಾತ್ರೆ ಯಾವುದಾದರೇನು, ಅದರೊಳಗೆ ಇಳಿದುಬರುವವನು ಒಬ್ಬನೇ ಎಂಬುದನ್ನು ಆಕೆ ಅರಿಯದವಳಲ್ಲ. ಚುಚ್ಚಿದ್ದು ಬೇರೊಂದು. ತಂದೆ ಮೋಗ್ ಪ್ರತಿ ಸರದಿಯಲ್ಲಿಯೂ ಗುರುಗಳ ಮಗ್ಗುಲಲ್ಲೇ ಮಂಡಿಯೂರಿ ಗಂಟೆ ಬಾರಿಸುತ್ತಿದ್ದವನು. ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ಮೇಷ್ಟ್ರ ಕೈಗೆ ಕೈ ಬಡಿದು ಕರಾರು ಮಾಡಿದನೇ? ಬೇಸಿಗೆಯೆಲ್ಲ ತಾನು ಯಾರ ಮಾತನ್ನು ಉಳಿಸಲು ಹೋರಾಡಿದಂತಾಯಿತು?

ಆ ಸಂಜೆಯೇ ಓರ್ಲಾಳ ಫೋನು ಬಂದಿತು. ಆಕೆಯ ದನಿಯಲ್ಲಿ ಸಂತೋಷ ತುಳುಕುತ್ತಿತ್ತು. ಸಮಿತಿಯೊಡನೆ ಜಗಳವಾಡಿ ಒಪ್ಪಿಗೆ ಪಡೆದಿದ್ದಳು. ಪಾತ್ರೆ ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿ ಬರುವುದು, ಪೆಟ್ಟಿಗೆಯನ್ನು ತೆರೆಯುವಂತಿಲ್ಲ, ಉಪಾಹಾರವಾದೊಡನೆ ಹಿಂದಕ್ಕೆ. ಡಿಂಪ್ನಾಳಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಬೇಕೆನ್ನಲು ಮನಸ್ಸು ಬರಲಿಲ್ಲ. "ತಗೊಂಡ್ ಬಾರಮ್ಮ," ಎಂದಳು.

ಪೂಜೆಯ ಬೆಳಿಗ್ಗೆ ಓರ್ಲಾ ಪೆಟ್ಟಿಗೆಯನ್ನು ತನ್ನ ಪಕ್ಕದ ಆಸನದಲ್ಲಿ ಕೂರಿಸಿ, ಅದಕ್ಕೂ ಬೆಲ್ಟು ಬಿಗಿದು ತಂದಿದ್ದಳು. ಬಿಳಿಯ ನಾರುಬಟ್ಟೆಯ ಮೇಲೆ, ಎರಡು ಮೇಣದಬತ್ತಿಗಳ ನಡುವೆ, ಶಿಲುಬೆಯ ಪಕ್ಕದಲ್ಲಿ ಅದನ್ನು ಇಟ್ಟರು. ಅಂಗೈಯಗಲದ, ಅಂಚು ಸ್ವಲ್ಪ ನೆಗ್ಗಿದ, ಮೋಡದ ಬಣ್ಣದ ಬಟ್ಟಲು. ಬಂದವರೆಲ್ಲ ಪವಿತ್ರ ನೀರು ಮುಟ್ಟುವುದನ್ನೂ ಮರೆತು ಮೇಜಿನ ಬಳಿ ಸಾಲು ನಿಂತು ಗಾಜಿನೊಳಗೆ ಇಣುಕಿದರು. ಒಬ್ಬಾಕೆ ಗಾಜಿನ ಮೇಲೆ ಬಿದ್ದ ತನ್ನ ಉಸಿರಿನ ಮಂಜನ್ನು ತೋಳಿನಿಂದ ಒರಸಿದಳು. ಪೆಡರ್ ಫರ್ಲಾಂಗ್ ಸಾಲಿನ ತಲೆಯಲ್ಲಿ ನಿಂತು, ತನ್ನ ಸಾಕ್ಷಿಯಿಂದಲೇ ಇದು ಮನೆಗೆ ಬಂದಿತೆಂದು ಪ್ರತಿಯೊಬ್ಬರಿಗೂ ತಿಳಿಸುತ್ತಿದ್ದನು.

ಪೂಜೆ ಆರಂಭವಾಯಿತು. ಲ್ಯಾರಿ ಮೋಗ್‌ನ ಜಾಗದಲ್ಲಿ ಮಂಡಿಯೂರಿದ್ದನು. ಗುರುಗಳು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಪವಿತ್ರಗೊಳಿಸುವ ಮಾತುಗಳನ್ನು ನಡುಗುವ ದನಿಯಲ್ಲಿ ಹೇಳಿದರು, ಗಂಟೆ ಕಿಣಿಕಿಣಿಸಿತು. ಒಮ್ಮೆಗೇ ಅಡುಗೆಮನೆ, ಹಜಾರ, ಅಂಗಳದವರೆಗೆ ನಿಂತಿದ್ದ ತಲೆಗಳೆಲ್ಲ ಬಾಗಿದವು. ಮೇಯೋದವಳದೂ ಬಾಗಿತು. ಡಿಂಪ್ನಾಳ ಕತ್ತು ತಾನಾಗಿಯೇ ಬಾಗಲು ಹೊರಟಿತು. ಆಕೆ ಅದನ್ನು ತಡೆದು ಹಿಡಿದಳು. ಮುಚ್ಚಿದ ಬಾಗಿಲನ್ನು ತಟ್ಟದೆ ತೆರೆದವಳಂತೆ ಮೈ ಬಿಸಿಯಾಯಿತು. ಆದರೂ ನೋಡಿದಳು. ಗುರುಗಳ ಮುದಿಕೈಗಳಲ್ಲಿ ಬಂಗಾರದ ಮೆರುಗಿನ ಪಾತ್ರೆ ಮೇಲೇರಿತು, ಒಂದು ಗಳಿಗೆ ನಿಂತಿತು, ಇಳಿಯಿತು. ತವರದ ಪಾತ್ರೆ ಗಾಜಿನೊಳಗೆ ಇದ್ದಲ್ಲೇ ಇತ್ತು. ಅಷ್ಟು ಜನರಲ್ಲಿ ಎರಡನ್ನೂ ಕಂಡವಳು ಆಕೆಯೊಬ್ಬಳೇ. ಆಕೆಯ ಬಾಯಲ್ಲಿ ಪ್ರಾರ್ಥನೆ ಬರುತ್ತಿತ್ತು. ಕಣ್ಣಲ್ಲಿ ಸಿಟ್ಟಿನ ನೀರು ಬರುತ್ತಿತ್ತು. ಎರಡನ್ನೂ ತಡೆಯಲು ಹೋಗಲಿಲ್ಲ.

ಉಪಾಹಾರಕ್ಕೆ ಗುರುಗಳನ್ನು ಮುಂದಿನ ಕೋಣೆಯಲ್ಲಿ ಕೂರಿಸಿ, ಬೇಯಿಸಿದ ಮೊಟ್ಟೆಯನ್ನೂ ಕಂದು ರೊಟ್ಟಿಯನ್ನೂ ಬಡಿಸಿದ ಮೇಲೆ, ಡಿಂಪ್ನಾ ಲ್ಯಾರಿಯನ್ನು ಒಲೆಯ ಹಿಂದಕ್ಕೆ ಎಳೆದೊಯ್ದು ಗಂಟೆ ಬಾರಿಸುವಾಗ ಏನು ಕಂಡೆ ಎಂದು ಕೇಳಿದಳು.

"ಗಂಟೆ ಹಿಡಿದವನು ಎಲ್ಲರಿಗಿಂತ ಕೆಳಗೆ ಬಗ್ಗಿರ್ತಾನೆ," ಎಂದನು ಲ್ಯಾರಿ. "ನನಗೆ ಕಂಡಿದ್ದು ಫಾದರ್ ಬೂಟು. ಎಡಗಾಲಿಂದು ಹೊಲಿಗೆ ಬಿಟ್ಟಿದೆ."

ಹಾಗಾದರೆ ಅಪ್ಪನೂ ಕಂಡಿದ್ದು ಬೂಟನ್ನೇ. ಆಕೆಯ ಎದೆಯಿಂದ ಒಂದು ಕಲ್ಲು ಇಳಿಯಿತು. ಅಪ್ಪ ಸುಳ್ಳಿಗೆ ಕೈ ಬಡಿಯಲಿಲ್ಲ. ಆ ನೆಮ್ಮದಿಯಲ್ಲಿ ಆಕೆ ಚಹಾದ ಕೆಟಲು ಹಿಡಿದು ಅಡುಗೆಮನೆಗೆ ಬಂದಾಗ, ಓರ್ಲಾ ಗಾಜಿನ ಪೆಟ್ಟಿಗೆಗೆ ಮೆತ್ತನೆಯ ಬಟ್ಟೆ ಸುತ್ತುತ್ತ, ಸಂಕೋಚದಿಂದ ಒಂದು ಮಾತು ಕೇಳಿದಳು. ಪಾತ್ರೆ ಪೆಟ್ಟಿಗೆಯೊಳಗೇ ಇತ್ತೆಂಬುದು ತನಗೆ ಗೊತ್ತು. ಆದರೆ ಹಿಂದಿನ ಸರದಿಗಳಲ್ಲಿ ಇದನ್ನೇ ಎತ್ತುತ್ತಿದ್ದರೆಂದು ನೋಡಲು ಬಂದವರಿಗೆ ಹೇಳಬಹುದೇ? ಊರವರೆಲ್ಲ ಹೌದೆನ್ನುತ್ತಾರೆ.

ಹೌದು ಎನ್ನುವುದು ಸುಲಭವಿತ್ತು. ಕೊನೆಯ ಸರದಿ ಮುಗಿದಿತ್ತು. ಇನ್ನು ಯಾರೂ ಕೇಳುವುದಿರಲಿಲ್ಲ. ಗಾಜಿನ ಮೂಲಕ ಆ ನೆಗ್ಗಿದ ಅಂಚನ್ನು ನೋಡುತ್ತ ಡಿಂಪ್ನಾ ಕೆಟಲನ್ನು ಕೆಳಗಿಟ್ಟಳು.

"ಇಲ್ಲ ಕಣಮ್ಮ. ಬೆಟ್ಟದ ಮೇಲೆ ಎತ್ತಿದ್ರೋ ಏನೋ, ನನಗೆ ಗೊತ್ತಿಲ್ಲ. ಈ ಮನೇಲಿ ಎತ್ತಿಲ್ಲ. ಮೇಜಿನ ಮೇಲಿತ್ತು, ಅಷ್ಟೇ. ಫಾದರೇ ಹೇಳಿದ್ರು. ಇವತ್ತು ನಾನೂ ನೋಡಿದೆ, ಅವರು ಎತ್ತೋದು ಅವರ ಪಾತ್ರೆನ."

ಮೊಟ್ಟೆ ಸುಲಿಯುತ್ತಿದ್ದ ಕೈಗಳು ನಿಂತವು. ಪೆಡರ್ ಫರ್ಲಾಂಗ್ ಬಾಯಲ್ಲಿದ್ದುದನ್ನು ನುಂಗಿಕೊಂಡನು.

"ನೋಡಿದೆಯಾ?" ಎಂದನು. "ಗಂಟೆ ಹೊಡೆದಾಗ ತಲೆ ಎತ್ತಿದ್ದೆಯಾ ನೀನು?"

"ಎತ್ತಿದ್ದೆ."

"ಮೋಗ್ ರಾಸಿಟರ್ ಮಗಳು," ಎಂದು ಪೆಡರ್ ಪಕ್ಕದವಳ ಕಡೆ ತಿರುಗಿದನು. "ಅವನದೇ ಅಡುಗೆಮನೇಲಿ."

ಪಕ್ಕದವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಮಾತು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಂಗಳಕ್ಕೆ ಹರಿಯಿತು. ಆದರೆ ಹರಿದದ್ದು ಪಾತ್ರೆಯ ಮಾತಲ್ಲ. ಪಾತ್ರೆಯನ್ನು ಕುರಿತು ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಡಿಂಪ್ನಾ ಫಾದರನ್ನೇ ಕೇಳಿ ನೋಡಿ ಎಂದಳು. ಉಪಾಹಾರ ಮಾಡುತ್ತಿರುವ ಗುರುಗಳ ಬಳಿಗೆ ಹೋಗಿ ಇಂಥದ್ದನ್ನು ಕೇಳುವುದೇ ಎಂದು ಅವರು ಆಕೆಯನ್ನು ಇನ್ನೊಮ್ಮೆ ನೋಡಿದರು.

ಓರ್ಲಾ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಷ್ಟರಲ್ಲಿ ಪೆಡರ್ ಅವಳ ತೋಳನ್ನು ತಟ್ಟಿ, ಅಕ್ಕರೆಯಿಂದಲೇ ಹೇಳಿದನು:

"ಇದನ್ನೇ ಎತ್ತುತ್ತಿದ್ದರು ಅಂತ ಹೇಳು ಮಗಳೇ, ಹೆದರಬೇಡ. ಇಲ್ಲ ಅನ್ನೋಕೆ ನೋಡಿದವರು ಯಾರಿದ್ದಾರೆ? ಇವಳೊಬ್ಬಳು. ಇವಳ ಮಾತು ಯಾರು ಕೇಳ್ತಾರೆ ಇನ್ನು?"

ಓರ್ಲಾ ಡಿಂಪ್ನಾಳತ್ತ ನೋಡಿದಳು. "ನಿಮ್ಮ ಸಂಕಟ ನನಗೆ," ಎಂದು ತೊಡಗಿ, ಅಲ್ಲಿಗೇ ನಿಲ್ಲಿಸಿದಳು.

ಡಿಂಪ್ನಾ ಕೆಟಲನ್ನು ಎತ್ತಿಕೊಂಡಳು. ಅದರಲ್ಲಿದ್ದ ಚಹಾ ಆರಿತ್ತು. ಪೆಡರನ ಬಟ್ಟಲಿಗೆ ಅದನ್ನೇ ಹೊಯ್ದು, ಅಂಗಳದವರಿಗಾಗಿ ಮತ್ತೆ ನೀರು ಕಾಯಿಸಲು ಒಲೆಯ ಬಳಿಗೆ ನಡೆದಳು.